ಕಿಟಕಿಗೆ ಬಿದ್ದ ಕಲ್ಲು



ಯೇಸುಸ್ವಾಮಿ, ಮರಿಯಮ್ಮನವರು ಹುಟ್ಟಿದ್ದು ಯೆಹೂದ್ಯ ಕುಲದಲ್ಲೇ. ಆದರೂ ‘ಯೇಸುವನ್ನು ಕೊಂದವರು’ ಎಂಬ ಆರೋಪ ಹೊರಿಸಿ ಕ್ರೈಸ್ತ ದೇಶಗಳಲ್ಲೇ ಶತಮಾನಗಳ ಕಾಲ ಯೆಹೂದ್ಯರನ್ನು ಹೊಡೆದರು, ಊರು ಬಿಡಿಸಿದರು. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಆ ಆರೋಪವನ್ನು ಇಡೀ ಜನಾಂಗದ ಮೇಲೆ ಹೊರಿಸಬಾರದೆಂದು ಧರ್ಮಸಭೆ ತಡವಾಗಿಯಾದರೂ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಸ್ಪಷ್ಟವಾಗಿ ಹೇಳಿತು.

ಆದರೆ ರೋಮಿನಲ್ಲಿ ಬರೆದ ಮಾತು ಊರಿನ ಬೀದಿಗೆ ತಾನಾಗಿ ನಡೆದು ಬರುವುದಿಲ್ಲ. ಯೆಹೂದ್ಯರ ಮೇಲಿನ ದ್ವೇಷವನ್ನು ಬೀದಿಯಲ್ಲೇ ಎದುರಿಸಿದ ಒಂದು ಊರಿನ ವಿಷಯ ಇಲ್ಲಿ ತಿಳಿಸುತ್ತೇವೆ.

ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಆಗ ಸುಮಾರು 80 ಸಾವಿರ ಜನರ ಪಟ್ಟಣ. ಯೆಹೂದ್ಯರ ಮನೆಗಳು ಬಹಳ ಕಡಿಮೆ. 1993ರಲ್ಲಿ ಜನಾಂಗ ದ್ವೇಷದ ಗುಂಪಿನವರು ಅಲ್ಲಿ ಕರಪತ್ರ ಹಂಚಿದರು, ಯೆಹೂದ್ಯರ ಸ್ಮಶಾನದಲ್ಲಿ ಗೋರಿಕಲ್ಲು ಉರುಳಿಸಿದರು. ಅಲ್ಲಿನ ಮೂಲನಿವಾಸಿ ಮಹಿಳೆಯೊಬ್ಬರ ಮನೆ ಗೋಡೆ ಮೇಲೆ ಹೊಲಸು ಬರೆದರು. ಪೇಂಟರುಗಳ ಸಂಘದವರು ಬಂದು ಆ ಗೋಡೆಗೆ ಹೊಸ ಬಣ್ಣ ಬಳಿದುಕೊಟ್ಟರು. ಸಂಘ ಅಂದರೆ ಬರೀ ಉಳಿತಾಯ, ಸಾಲ ಅಲ್ಲ ನೋಡಿ.

ಡಿಸೆಂಬರಿನಲ್ಲಿ ಯೆಹೂದ್ಯರಿಗೆ ಹನುಕ್ಕಾ ಎಂಬ ಎಂಟು ದಿನಗಳ ದೀಪದ ಹಬ್ಬ. ನಾವು ಕ್ರಿಸ್ಮಸ್ಸಿಗೆ ನಕ್ಷತ್ರ ತೂಗುಹಾಕುವ ಹಾಗೆ ಅವರು ಮೆನೋರಾ ಎಂಬ ದೀಪಸ್ತಂಭವನ್ನು ಕಿಟಕಿಯಲ್ಲಿಡುತ್ತಾರೆ. ಡಿಸೆಂಬರ್ 2ರ ರಾತ್ರಿ, ಮೆನೋರಾ ಚಿತ್ರ ಅಂಟಿಸಿದ್ದ ಐದು ವರ್ಷದ ಹುಡುಗನ ಕೋಣೆಯ ಕಿಟಕಿಗೆ ಯಾರೋ ಸಿಮೆಂಟ್ ಇಟ್ಟಿಗೆಯ ತುಂಡು ಎಸೆದರು. ಗಾಜು ಹಾಸಿಗೆ ತನಕ ಚೆಲ್ಲಿತು. ಪುಣ್ಯಕ್ಕೆ ಮಗು ಒಳಗಿರಲಿಲ್ಲ. ಆ ಚಿತ್ರ ತೆಗೆದುಬಿಡಿ ಎಂದು ಪೊಲೀಸರು ಸಲಹೆ ಕೊಟ್ಟರಂತೆ. ಅದಕ್ಕೆ ಕಾರಣ ಏನೆಂದು ಮಗನಿಗೆ ಹೇಳಲಿ ಎಂಬುದೇ ಆ ತಾಯಿಯ ಸಂಕಟ.

ಪತ್ರಿಕೆಯಲ್ಲಿ ಇದನ್ನು ಓದಿದ ಒಬ್ಬ ಕ್ರೈಸ್ತ ತಾಯಿಗೆ ಸುಮ್ಮನಿರಲು ಆಗಲಿಲ್ಲ. ‘ಕ್ರಿಸ್ಮಸ್ ಮರ ಇಟ್ಟರೆ ಕಲ್ಲು ಬೀಳುತ್ತದೆ’ ಎಂದು ತನ್ನ ಮಕ್ಕಳಿಗೆ ಹೇಳಬೇಕಾಗಿ ಬಂದಿದ್ದರೆ? ತಮ್ಮ ಚರ್ಚಿನ ಪಾಸ್ಟರಿಗೆ ಫೋನ್ ಮಾಡಿದರು. ಮಕ್ಕಳು ಕಾಗದದ ಮೆನೋರಾಗಳಿಗೆ ಬಣ್ಣ ಹಚ್ಚಿ ಮನೆಗೆ ಒಯ್ದರು. ಬೇರೆ ಚರ್ಚುಗಳೂ ಸೇರಿಕೊಂಡವು. ಊರಿನ ದಿನಪತ್ರಿಕೆ ‘ಬಿಲ್ಲಿಂಗ್ಸ್ ಗೆಜೆಟ್’ ಒಂದು ಇಡೀ ಪುಟದಲ್ಲಿ ಮೆನೋರಾ ಚಿತ್ರ ಅಚ್ಚು ಹಾಕಿತು, ಕತ್ತರಿಸಿ ಅಂಟಿಸಿಕೊಳ್ಳಲು.

ಕಲ್ಲು ತಕ್ಷಣ ನಿಲ್ಲಲಿಲ್ಲ. ಮೆನೋರಾ ಅಂಟಿಸಿದ್ದ ಕ್ರೈಸ್ತರ ಮನೆಗಳ ಕಿಟಕಿಯೂ ಒಡೆಯಿತು. ಹನುಕ್ಕಾ ಶುಭಾಶಯದ ಫಲಕ ಹಾಕಿದ್ದ ಕಥೋಲಿಕ ಶಾಲೆಯ ಗಾಜೂ ಹೋಯಿತು. ಹೆದರಿ ಚಿತ್ರ ಕಿತ್ತು ಹಾಕುವ ಬದಲು ಇನ್ನಷ್ಟು ಜನ ಅಂಟಿಸಿದರು. ಸಾವಿರಾರು ಮನೆಗಳ ಕಿಟಕಿಯಲ್ಲಿ ಮೆನೋರಾ ಕಾಣಿಸಿಕೊಂಡ ಮೇಲೆ ಯೆಹೂದ್ಯರ ಮನೆ ಯಾವುದೆಂದು ಗುರುತಿಸುವುದಾದರೂ ಹೇಗೆ? ಕ್ರಮೇಣ ದಾಳಿಗಳು ಕಡಿಮೆಯಾದವು.

ಇದನ್ನು ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ಆಮೇಲೆ ಇಷ್ಟು ಚರ್ಚೆ ಮಾಡಿ: ಪತ್ರಿಕೆ ಓದಿದ ಆ ತಾಯಿಯ ಜಾಗದಲ್ಲಿ ನೀವಿದ್ದರೆ ಮೊದಲು ಯಾರ ಮನೆಗೆ ಹೋಗುತ್ತಿದ್ದಿರಿ, ಏನು ಕೇಳುತ್ತಿದ್ದಿರಿ?