ವಿಮಾನದ ಬೇಗೆಯೂ ಚಳಿಯೂ

ಒಲೆಯ ಉರಿ ಮಿತಿಮೀರಿದರೆ ಹಾಲು ಉಕ್ಕಿ ಚೆಲ್ಲುವುದು. ಉರಿ ಸಾಲದೆ ಹೋದರೆ ಅಕ್ಕಿ ಬೇಯದು. ಉರಿಯನ್ನು ಹದದಲ್ಲಿಡುವ ಈ ವಿದ್ಯೆಯು ಗೃಹಿಣಿಯರಿಗೆ ಎಷ್ಟು ಅವಶ್ಯಕವೋ, ವಿಮಾನವನ್ನು ರಚಿಸುವವರಿಗೂ ಅಷ್ಟೇ ಅವಶ್ಯಕವಾಗಿತ್ತೆಂಬುದನ್ನು ನಾವು ಇಲ್ಲಿ ವಾಚಕರಿಗೆ ತಿಳಿಸಬಯಸುತ್ತೇವೆ.

ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸ್ವಲ್ಪ ಭಾಗವು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದುದನ್ನು ಹೊರದೂಡದಿದ್ದರೆ ಎಂಜಿನ್ನೇ ಕೆಟ್ಟುಹೋಗುವುದು. 1903ರಲ್ಲಿ ಹಾರಿದ ರೈಟ್ ಸೋದರರು ತಮ್ಮ ಎಂಜಿನ್ನನ್ನು ನೀರಿನಿಂದ ತಂಪುಗೊಳಿಸಿದ್ದರು. ಆದರೆ ನೀರೂ ಅದರ ಕೊಳವೆಗಳೂ ಭಾರವಾದುವು. ಆದುದರಿಂದ ಮುಂದೆ ಅನೇಕರು ಸಿಲಿಂಡರುಗಳನ್ನು ಬೈಸಿಕಲ್ಲಿನ ಚಕ್ರದ ಕಡ್ಡಿಗಳಂತೆ ಸುತ್ತಲೂ ಜೋಡಿಸಿ ಗಾಳಿಗೆ ತೆರೆದಿಟ್ಟರು. ಎಂಜಿನ್ನು ತಣಿಯಿತು, ಆದರೆ ತಣಿಸಿದ ಗಾಳಿಯೇ ವಿಮಾನವನ್ನು ತಡೆಯತೊಡಗಿತು. ಓಡುವ ರೈಲಿನ ಕಿಟಕಿಯಲ್ಲಿ ಅಂಗೈಯೊಡ್ಡಿದವರು ಈ ತಡೆಯ ಬಲವನ್ನು ಬಲ್ಲರು.

ಕವಚವನ್ನು ತೊಡಿಸಿದರೆ ತಡೆಯು ತಗ್ಗೀತು, ನಿಜ. ಆದರೆ ಎಂಜಿನ್ನಿನ ಗತಿಯೇನು? ಇದನ್ನು ಪರೀಕ್ಷಿಸಲು ಅನುಕೂಲವೊಂದು ಒದಗಿತು. ಅಮೆರಿಕದ ಸರ್ಕಾರದ ವಿಮಾನಶಾಸ್ತ್ರ ಸಲಹಾ ಮಂಡಲಿಯು 1927ರಲ್ಲಿ ವರ್ಜೀನಿಯಾ ಪ್ರಾಂತದ ಲ್ಯಾಂಗ್ಲಿಯಲ್ಲಿ 20 ಅಡಿ ಅಗಲದ ಗಾಳಿಯ ಪ್ರವಾಹವುಳ್ಳ ವಾಯುಸುರಂಗವನ್ನು ಕಟ್ಟಿತು. ಅದರಲ್ಲಿ ವಿಮಾನದ ನಿಜವಾದ ಒಡಲನ್ನೇ ನಿಲ್ಲಿಸಬಹುದಾಗಿತ್ತು. ಫ್ರೆಡ್ ವೀಕ್ ಎಂಬವರೂ ಅವರ ಸಂಗಡಿಗರೂ ಬಗೆಬಗೆಯ ಕವಚಗಳನ್ನು ತೊಡಿಸಿ, ಗಾಳಿಯ ತಡೆಯನ್ನೂ ಸಿಲಿಂಡರುಗಳ ಶಾಖವನ್ನೂ ಅಳೆದು, ತಿದ್ದಿ, ಮತ್ತೆ ಅಳೆದರು. ಕೊನೆಗೆ, ಗಾಳಿಯನ್ನು ಹೆಚ್ಚು ಕಾಯುವ ಭಾಗಗಳ ಕಡೆಗೆ ತಿರುಗಿಸಿ ಹೊರಬಿಡುವ ಕವಚವು ದೊರೆಯಿತು. ಅದನ್ನು ತೊಟ್ಟ ಕರ್ಟಿಸ್ ವಿಮಾನದ ವೇಗವು ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು.

ಎಂಜಿನ್ನಿಗೆ ಬೇಗೆಯ ಭಯವಾದರೆ ರೆಕ್ಕೆಗಳಿಗೆ ಚಳಿಯ ಭಯ. ಅತಿಶೀತಲವಾದ ಮೋಡದ ಹನಿಗಳು ರೆಕ್ಕೆಯ ಅಂಚಿಗೆ ತಾಕಿದೊಡನೆ ಮಂಜುಗಡ್ಡೆಯಾಗುವುವು. ರೆಕ್ಕೆಯ ಆಕಾರವು ಕೆಟ್ಟು, ವಿಮಾನವನ್ನು ಎತ್ತಿಹಿಡಿಯುವ ಬಲವು ಕುಗ್ಗುವುದು. ಹೀಗೆ ಬಿದ್ದ ವಿಮಾನಗಳೂ ಮಡಿದ ಜೀವಗಳೂ ಕಡಮೆಯಲ್ಲ. ಎಂಜಿನ್ನಿನ ಹೊಗೆಯೊಡನೆ ವ್ಯರ್ಥವಾಗುತ್ತಿದ್ದ ಶಾಖವನ್ನೇ ರೆಕ್ಕೆಯ ರಕ್ಷಣೆಗೆ ಬಳಸುವ ಉಪಾಯವನ್ನು ಅದೇ ಮಂಡಲಿಯ ಲೂಯಿಸ್ ರೋಡರ್ಟರು ಬೆಳೆಸಿದರು. ಆ ಶಾಖದಿಂದ ಕಾದ ಗಾಳಿಯು ರೆಕ್ಕೆಯ ಮುಂದಂಚಿನೊಳಗೆ ಹರಿಯುವುದು. 1940ರ ದಶಕದಲ್ಲಿ ಇದನ್ನು ಪರೀಕ್ಷಿಸಲು ವೈಮಾನಿಕರು, ಇತರರು ಅಂಜಿ ದೂರ ಸರಿಯುತ್ತಿದ್ದ ಮೋಡಗಳನ್ನೇ ಹುಡುಕಿಕೊಂಡು ಹೋಗಿ ಹಾರಿದರು. ಕವಚದ ಕಾರ್ಯಕ್ಕೆ 1929ರ ಕೊಲಿಯರ್ ಪಾರಿತೋಷಕವೂ ರೋಡರ್ಟರಿಗೆ 1946ರ ಪಾರಿತೋಷಕವೂ ಸಂದುವು.

ಇಂದಿನ ಅನೇಕ ಜೆಟ್ ವಿಮಾನಗಳಲ್ಲಿಯೂ ಎಂಜಿನ್ನಿನಿಂದ ತಂದ ಬಿಸಿಗಾಳಿಯೇ ರೆಕ್ಕೆಗಳನ್ನು ಕಾಪಾಡುತ್ತಿದೆ. ದೂರದೇಶಕ್ಕೆ ಹೊರಟ ಮಕ್ಕಳನ್ನು ವಿಮಾನಕ್ಕೆ ಹತ್ತಿಸಿ, ಕ್ಷೇಮಸಮಾಚಾರವನ್ನು ಎದುರುನೋಡುವ ನಾವು, ಆ ಮೋಡಗಳೊಳಕ್ಕೆ ಮೊದಲು ನುಗ್ಗಿದವರನ್ನು ಒಮ್ಮೆಯಾದರೂ ನೆನೆಯುವುದು ಉಚಿತ.