ಕುಡಿಯುವ ನೀರಿನ ಫ್ಲೋರೈಡ್: ವಾದವೇನು, ವಾಸ್ತವವೇನು?

ಫ್ಲೋರೈಡ್ ಔಷಧವೋ ವಿಷವೋ ಎಂದು ಮೊಬೈಲ್ ಸಂದೇಶಗಳನ್ನು ತೋರಿಸಿ ಅನೇಕ ಸದ್ಭಕ್ತರು ನಮ್ಮನ್ನು ಕೇಳುತ್ತಿದ್ದಾರೆ. ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಮೊದಲು ಅವನ್ನು ಬಿಡಿಸಿ ನೋಡೋಣ.

ಹಲ್ಲು ಹುಳುಕಾಗುವುದನ್ನು ತಡೆಯಲು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ 1945ರಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲಾರಂಭಿಸಿದರು. ಈಗ ಅಲ್ಲಿ ಶಿಫಾರಸು ಮಾಡಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ಕುಂದುವುದಕ್ಕೂ ಸಂಬಂಧ ಕಾಣುತ್ತದೆ ಎಂದು ಅಲ್ಲಿನ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ ವರದಿ ಮಾಡಿತು. 0.7ರಷ್ಟು ಅಲ್ಪ ಪ್ರಮಾಣದಿಂದ ಅಂತಹ ಹಾನಿಯುಂಟೇ ಎಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂದೂ ತಿಳಿಸಿತು. ಅಲ್ಲಿನ ವಾದವು ಈ ಅಲ್ಪ ಪ್ರಮಾಣದ ಕುರಿತದ್ದು.

ನಮ್ಮ ನಾಡಿನ ಸಮಸ್ಯೆ ಬೇರೆ. ಇಲ್ಲಿ ಫ್ಲೋರೈಡನ್ನು ಯಾರೂ ಬೆರೆಸುವುದಿಲ್ಲ. ಭೂಮಿಯೊಳಗಿನ ಶಿಲೆಗಳಿಂದ ಅದು ತಾನಾಗಿಯೇ ಅಂತರ್ಜಲದಲ್ಲಿ ಕರಗುತ್ತದೆ. ಚಿತ್ರದುರ್ಗ, ಪಾವಗಡ, ಕೋಲಾರ, ಗದಗ, ಕೊಪ್ಪಳ, ರಾಯಚೂರು ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಇದು ಮಿತಿಮೀರಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ 1.5ರವರೆಗೆ ಸಹ್ಯ. ಇದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಸೇವಿಸಿದರೆ ಮಕ್ಕಳ ಹಲ್ಲುಗಳಲ್ಲಿ ಬಿಳಿ, ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಕೀಲುಗಳು ಬಿಗಿದು, ಬೆನ್ನು ಬಾಗುತ್ತದೆ. ಈ ಹಾನಿಯ ಬಗ್ಗೆ ವಾದವೇ ಇಲ್ಲ.

ವೃತ್ತಿಯ ಆರಂಭದ ದಿನಗಳಲ್ಲಿ ನಾವೂ ಎಡವಿದ್ದೇವೆ. ಸೊಂಟ ನೋವೆಂದು ಬಂದ ರೈತರೊಬ್ಬರಿಗೆ ವಾತದ ಬಾಧೆಯೆಂದು ತಿಂಗಳುಗಟ್ಟಲೆ ತೈಲ, ಕಷಾಯ ಕೊಟ್ಟೆವು. ಗುಣ ಕಾಣಲಿಲ್ಲ. ಒಂದು ದಿನ ಜೊತೆಗೆ ಬಂದಿದ್ದ ಅವರ ಮೊಮ್ಮಗ ನಕ್ಕಾಗ ಕಂದುಗಟ್ಟಿದ ಹಲ್ಲುಗಳು ಕಂಡವು. ಮನೆಯ ನೀರು ಎಲ್ಲಿಯದೆಂದು ನಾವು ಕೇಳಿದ್ದು ಆಗಲೇ. ನಿದಾನ ಪರಿವರ್ಜನ, ಎಂದರೆ ರೋಗದ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆಯೆಂದು ಓದಿದ್ದ ನಾವೇ ಕಾರಣವನ್ನು ಮರೆತಿದ್ದೆವು.

ಆದ್ದರಿಂದ ಕೆಲವು ಮಾತುಗಳನ್ನು ನೆನಪಿಡಬೇಕು. ಫ್ಲೋರೈಡಿಗೆ ಬಣ್ಣ, ರುಚಿ, ವಾಸನೆಗಳಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಿರಿ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಟ್ಟೆಯ ಸೋಸುವಿಕೆಯೂ ಸಾಲದು. ಶುದ್ಧೀಕರಣ ಘಟಕದ ಆರ್.ಓ. ನೀರು ಅಥವಾ ಶುಚಿಯಾಗಿ ಸಂಗ್ರಹಿಸಿದ ಮಳೆನೀರು ಉತ್ತಮ. ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಅದನ್ನೇ ಬಳಸಿರಿ. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ ದೇಹಕ್ಕೆ ಬಲವನ್ನೀಯುತ್ತವೆ. ಆದರೆ ಅವು ಒಳ್ಳೆಯ ನೀರಿಗೆ ಬದಲಿಯಲ್ಲ.

ಪೇಸ್ಟಿನ ಬಗ್ಗೆ ದೊಡ್ಡವರು ಅಂಜಬೇಕಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಿರಿ.

ಕಲೆಗಟ್ಟಿದ ಹಲ್ಲು ಮತ್ತೆ ಮೊದಲಿನಂತಾಗದು. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಮಕ್ಕಳಿಗೆ ಒಳ್ಳೆಯ ನೀರು ದೊರೆಯಲೇಬೇಕು. ನಿಮ್ಮ ಮನೆಯ ಕೊಡದಲ್ಲಿರುವ ನೀರು ಎಂತಹುದೆಂದು ಈ ತಿಂಗಳೇ ತಿಳಿದುಕೊಳ್ಳಿರಿ.