ಹೊಸ ಬೈಕಿಗೆ ಎಷ್ಟು ಸಿಂಗಾರ ಸಲ್ಲುವುದು?

ಪ್ರಶ್ನೆ: ಹೊಸದಾಗಿ ಕೊಂಡ ಮೋಟಾರ್ ಸೈಕಲ್ಲಿಗೆ ಬೇರೆ ಸೈಲೆನ್ಸರ್, ಅಗಲದ ಟೈರು, ಹೆಚ್ಚಿನ ದೀಪ ಹಾಕಿಸಬಹುದೆ?
— ಓದುಗರೊಬ್ಬರು, ಕೊಟ್ಟೂರು

ಉತ್ತರ: ಮೈಲಾರದ ಜಾತ್ರೆಗೆ ಬಂಡಿ ಕಟ್ಟುವ ಹಡಗಲಿ, ಹರಪನಹಳ್ಳಿ ಸೀಮೆಯ ರೈತನು ಎತ್ತುಗಳ ಕೊಂಬಿಗೆ ಕೋಡಣಸು ತೊಡಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿ ಸಿಂಗರಿಸುವನಾದರೂ, ಬಡಗಿಯು ಅಳತೆಯರಿತು ಕೂಡಿಸಿದ ಅಚ್ಚನ್ನು ಬದಲಿಸಲು ಎಂದೂ ಎಳಸನಷ್ಟೆ; ತಮಗೆ ಬೇಕಾದ ಉತ್ತರವು ಬಹುಮಟ್ಟಿಗೆ ಆ ವಿವೇಕದಲ್ಲಿಯೇ ಅಡಗಿರುವುದು. ಸೀಟಿನ ಹೊದಿಕೆ, ಸಾಮಾನಿನ ಚೀಲ ಮೊದಲಾದವು ಕೋಡಣಸಿನ ವರ್ಗದವು, ನಿರಾತಂಕವಾಗಿ ಹಾಕಿಸಿರಿ.

ಸೈಲೆನ್ಸರಿನ ವಿಷಯ ಬೇರೆ. ಹೊಗೆಯ ವಿಷಾಂಶವನ್ನು ತಗ್ಗಿಸುವ ಉಪಕರಣವೂ, ಆಮ್ಲಜನಕವನ್ನಳೆದು ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸಲು ನೆರವಾಗುವ ಸೆನ್ಸರೂ ಇಂದಿನ ಬೈಕುಗಳ ಹೊಗೆಕೊಳವೆಯಲ್ಲಿಯೇ ಇರುವುದರಿಂದ, ಅದನ್ನು ಕದಲಿಸಿದರೆ ಇಂಜಿನ್ನಿನ ಲೆಕ್ಕಾಚಾರವೇ ತಪ್ಪಬಹುದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಸದ್ದಿಗೆ ಮನಸೋತವರಲ್ಲಿ ನಾನೂ ಒಬ್ಬನು. ಆದರೆ ಅದು ಕಾರ್ಖಾನೆಯೇ ಕೊಟ್ಟ ಸದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿಯ ವಿವರಕ್ಕೆ ಭಿನ್ನವಾದ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಮೇರೆಗೆ ನಿಯಮಬಾಹಿರವಾದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನಾಗಲಿ, ಆರು ತಿಂಗಳವರೆಗಿನ ಸೆರೆವಾಸವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು.

ಅಗಲದ ಟೈರು ನೋಟಕ್ಕೆ ಗಂಭೀರ, ಮೈಲೇಜಿಗೆ ಭಾರ. ಗಾಳಿ ಸೋಸುವ ಫಿಲ್ಟರನ್ನಂತೂ ಮುಟ್ಟಲೇಬೇಡಿರಿ: ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಬೇಸಗೆಯ ಧೂಳು ಸಿಲಿಂಡರಿಗೆ ಇಳಿದರೆ ಪಿಸ್ಟನ್ ಸವೆಯುವುದು. ದೀಪಕ್ಕಾಗಿ ವೈರು ಕತ್ತರಿಸುವ ಮುನ್ನ ವಾರಂಟಿ ಪುಸ್ತಕವನ್ನೊಮ್ಮೆ ಓದಬೇಕೆಂದು ವಿನಂತಿ.